ಬೆಟ್ಟದ ಹಿಂದಿನ ಬೆಟ್ಟಗಳು

ಫ್ರೀಮಾಂಟ್,
ಜನವರಿ ೧೩, ೨೦೨೫, ಸೋಮವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ಇಷ್ಟು ದೂರದಿಂದಲೇ ನಿಮ್ಮ ಕಾಲು ಮುಟ್ಟಿ ಶುರು ಮಾಡ್ತಾ ಇದೀನಿ. ಮಂಡಿನೋವು ಹೇಗಿದೆ? ಬೆಳಗಿನ ಹೊತ್ತು ಮೈಸೂರಲ್ಲೂ ಚಳಿ ಜಾಸ್ತಿ, ಅಮ್ಮ ಶಾಲು ಹೊದ್ದುಕೊಂಡೇ ಕಾಫಿ ಕುಡೀತಾರೆ ಅಂತ ಭಾವ ಹೇಳಿದ್ರು. ಕಿವಿಗೆ ತಂದ ಮಿಷನ್ನನ್ನ ಡ್ರಾಯರಿನಲ್ಲಿ ಹಾಕಿಟ್ಟಿದೀರಂತೆ. ಒಂದು ಗಂಟೆಯಾದ್ರೂ ಹಾಕ್ಕೊಳ್ಳಿ ಅತ್ತೆ, ಬೇರೆಯವರಿಗೋಸ್ಕರ ಅಲ್ಲ, ಬೀದಿಯಲ್ಲಿ ಹಿಂದಿನಿಂದ ಸ್ಕೂಟರ್ ಬಂದ್ರೆ ಗೊತ್ತಾಗಬೇಕಲ್ಲ. ನಾನು ಚೆನ್ನಾಗಿದೀನಿ ಅಂತಲೇ ಬರೀಬೇಕು, ಬರೆದಿದೀನಿ. ಡೇಕೇರಿನ ಮಕ್ಕಳು ಊಟ ಮಾಡಿ ಈಗಷ್ಟೇ ಮಲಗಿದಾವೆ. ತನ್ವಿ ಅಂತ ಒಂದು ಹುಡುಗಿ ಇದೆ, ನನ್ನ ಸೆರಗೋ ದುಪಟ್ಟಾನೋ ಏನಾದ್ರೂ ಹಿಡ್ಕೊಳ್ಳದೆ ನಿದ್ದೆ ಮಾಡಲ್ಲ. ಇವತ್ತು ಸ್ವೆಟರಿನ ತೋಳು ಅದರ ಮುಷ್ಟಿಯಲ್ಲಿದೆ, ಅದಕ್ಕೇ ನೆಲದ ಮೇಲೆ ಕೂತು ಬರೀತಾ ಇದೀನಿ. ಅಕ್ಷರ ಸೊಟ್ಟ ಇದ್ರೆ ಅದು ಕಾರಣ. ಅದರ ಅಮ್ಮ ಶುಕ್ರವಾರ ಮೈಸೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಕಳಿಸ್ತೀನಿ. ನವರಾತ್ರಿಯಲ್ಲಿ ನೀವು ಹೇಳಿದ್ರಲ್ಲ, “ಇಂಥ ಮಾತು ಫೋನಲ್ಲಿ ಬೇಡ ಪ್ರಭಾ, ಕಾಗದದಲ್ಲಿ ಬರಿ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು, ಅಕ್ಷರ ನೋಡಿದ್ರೆ ಮನಸ್ಸು ಗೊತ್ತಾಗತ್ತೆ” ಅಂತ. ಅವತ್ತಿಂದ ಎಷ್ಟೋ ಸಲ ಹಾಳೆ ತಗೊಂಡು ಕೂತಿದೀನಿ. ಬರೆದಿರೋದು ಇವತ್ತೇ.

ನಾಳೆ ಸಂಕ್ರಾಂತಿ. ಅಂಗಡಿಯಲ್ಲಿ ಎಳ್ಳು, ಸಕ್ಕರೆ ಅಚ್ಚು, ಪುಟ್ಟ ಪುಟ್ಟ ಕಬ್ಬಿನ ತುಂಡು ಎಲ್ಲಾ ಬಂದಿದೆ. ಹೋದ ವರ್ಷ ಈ ಹೊತ್ತಿಗೆ ಯಾರೂ ಏನೂ ಯೋಚನೆ ಮಾಡೋ ಸ್ಥಿತಿಯಲ್ಲಿ ಇರಲಿಲ್ಲ. ಈ ವರ್ಷ ಯೋಚನೆ ಮಾಡಿದಾರೆ. ನಮ್ಮ ಬೀದಿಯ ಮೂರು ಮನೆಯಲ್ಲೂ ಅರಿಶಿನ ಕುಂಕುಮಕ್ಕೆ ಕರೀತಾ ಇದಾರೆ, ನನಗೆ ಮೆಸೇಜು ಬಂದಿಲ್ಲ. ಅವರದ್ದು ತಪ್ಪಲ್ಲ ಅತ್ತೆ. ಕರೆದ್ರೆ ಕುಂಕುಮ ಕೊಡಬೇಕೋ ಬೇಡವೋ ಅಂತ ಪಾಪ ಅವರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಬೆಳಿಗ್ಗೆ ಕನ್ನಡಿ ಮುಂದೆ ನಿಂತಾಗ ಹಣೆಗೆ ಇಡ್ತೀನಿ. ಮಧ್ಯಾಹ್ನ ಮುಖ ತೊಳೆದಾಗ ಹೋದ್ರೆ ಮತ್ತೆ ಇಡಲ್ಲ. ಹೀಗೆ ಒಂದು ವರ್ಷದ ಮೇಲಾಯ್ತು.

ನಿಮಗೆ ಗೊತ್ತಿರೋದನ್ನೇ ಬರೀತಾ ಇದೀನಿ ಅಂತ ಬೇಜಾರು ಮಾಡ್ಕೋಬೇಡಿ. ಮೊದಲಿಂದ ಬರೆಯದೆ ಹೋದ್ರೆ ಮುಂದಿನದು ನನಗೆ ಬರೆಯೋಕೆ ಬರಲ್ಲ. ಹೋದ ಡಿಸೆಂಬರ್ ಅಲ್ಲ, ಅದರ ಹಿಂದಿನ ಡಿಸೆಂಬರಿನಲ್ಲಿ, ಪ್ರತಿ ಶನಿವಾರದ ಹಾಗೇ ಇವರು ಬೆಟ್ಟ ಹತ್ತೋಕೆ ಹೋದ್ರು. ಬೆಳಿಗ್ಗೆ ಉಪ್ಪಿಟ್ಟು ತಿಂದ್ರು, “ಸಾಯಂಕಾಲದ ಒಳಗೆ ಬರ್ತೀನಿ, ಅನ್ನಕ್ಕೆ ಇಡಬೇಡ, ಚಪಾತಿ ಮಾಡು” ಅಂದ್ರು. ಸುನೋಲ್ ಪಾರ್ಕಿನ ಪಾರ್ಕಿಂಗ್ ಲಾಟಿನಲ್ಲಿ ಕಾರು ಸಿಕ್ತು. ಬೆಟ್ಟದ ನೆತ್ತಿಯ ಏಣು ದಾಟಿದ ಮೇಲೆ ಒಂದು ಕಡೆ ಫೋನು ಕೊನೆಯ ಬಾರಿ ಸಿಗ್ನಲ್ ಕೊಟ್ಟಿತ್ತು. ಅಷ್ಟೇ. ಹೆಲಿಕಾಪ್ಟರ್ ಬಂತು, ನಾಯಿಗಳನ್ನ ತಂದ್ರು, ಎಲ್ಲೆಲ್ಲಿಂದಲೋ ಜನ ಬಂದು ಹುಡುಕಿದ್ರು, ಆಮೇಲೆ ದೊಡ್ಡ ಮಳೆ ಹಿಡ್ಕೊಂಡು ನಿಲ್ಲಿಸಿದ್ರು. ಆಗ ನೀವು ಫೋನಲ್ಲಿ ಕೇಳಿದ್ರಿ, “ಆ ಬೆಟ್ಟ ಎಷ್ಟಿರತ್ತೆ, ನಮ್ಮ ಚಾಮುಂಡಿ ಬೆಟ್ಟದಷ್ಟು ಇರತ್ತಾ?” ಅಂತ. ಹೂಂ, ಸ್ವಲ್ಪ ದೊಡ್ಡದು ಅಂದೆ. ನಾನು ನೋಡೇ ಇರಲಿಲ್ಲ ಅತ್ತೆ. ಹುಡುಕುವಾಗ ನನ್ನನ್ನ ಪಾರ್ಕಿಂಗ್ ಲಾಟಿನಿಂದ ಮೇಲೆ ಬಿಡಲಿಲ್ಲ. ನಮ್ಮ ಅಡುಗೆಮನೆ ಕಿಟಕಿಯಿಂದ ಕಾಣೋ ಬೆಟ್ಟಸಾಲನ್ನ ನೋಡಿ, ಅದರ ಆಚೆ ಪಕ್ಕದಲ್ಲಿ ಇನ್ನೊಂದು ಇರತ್ತೆ ಅಂದ್ಕೊಂಡಿದ್ದೆ.

ಒಂದು ಬೆಟ್ಟ ಅಂದ್ಕೊಂಡವಳಿಗೆ ಆಸೆ ಬಿಡೋದು ಕಷ್ಟ. ಅಷ್ಟು ಜನ ಹುಡುಕಿದ್ರೂ ಸಿಗಲಿಲ್ಲ ಅಂದ್ರೆ ಅಲ್ಲಿ ಇಲ್ಲ, ಅಲ್ಲಿ ಇಲ್ಲ ಅಂದ್ರೆ ಇನ್ನೆಲ್ಲೋ ಇದಾರೆ, ಅಂತ ನನ್ನ ಲೆಕ್ಕ. ಬಿದ್ದು ತಲೆಗೆ ಪೆಟ್ಟಾಗಿ, ಹೆಸರು ಮರೆತು, ಯಾವುದೋ ಊರಿನ ಆಸ್ಪತ್ರೆಯಲ್ಲಿ ಇರಬಹುದು ಅಂತ ಫ್ರೆಸ್ನೋ, ಸ್ಟಾಕ್ಟನ್ನು ಅಂತ ಊರೂರಿಗೆ ಫೋನ್ ಮಾಡಿದೀನಿ. ಅವರ ನಂಬರನ್ನ ಕಟ್ ಮಾಡಿಸಿಲ್ಲ. ನವರಾತ್ರಿಯಲ್ಲಿ ನೀವು ಸಂಸ್ಕಾರದ ಮಾತು ತೆಗೆದಾಗ ನಾನು ಎಷ್ಟು ಕೂಗಾಡಿದೆ, ನೆನಪಿದೆಯಾ? ಒಬ್ಬ ಪುರೋಹಿತರು ಹನ್ನೆರಡು ವರ್ಷ ಕಾಯಬೇಕು ಅಂದ್ರು, ಇನ್ನೊಬ್ಬರು ಮನೆಯವರು ನಿಶ್ಚಯ ಮಾಡಿಕೊಂಡ್ರೆ ದರ್ಭೆಯಲ್ಲಿ ಆಕೃತಿ ಮಾಡಿ ಈಗಲೂ ಮಾಡಬಹುದು ಅಂದ್ರು, ನಿನ್ನ ಮನಸ್ಸೇನು ಅಂತ ಅಷ್ಟೇ ನೀವು ಕೇಳಿದ್ದು. ಹೆತ್ತವರೇ ಹೀಗಂದ್ರೆ ಹೇಗೆ ಅಂತ ಫೋನಿಟ್ಟೆ. ನೀವು ಮಾರನೆಯ ದಿನ ಮತ್ತೆ ಮಾಡಿ, “ನೀನು ಹೂಂ ಅನ್ನೋವರೆಗೂ ಇಲ್ಲ. ನಾನು ಇರೋವರೆಗೂ ಕಾಯ್ತೀನಿ” ಅಂದ್ರಿ. ಆ ಮಾತು ಕೇಳಿ ಸಮಾಧಾನ ಆಗಲಿಲ್ಲ. ಎಂಬತ್ತಾರು ವರ್ಷದವರನ್ನ ಕಾಯಿಸ್ತಾ ಇದೀನಲ್ಲ ಅನ್ನಿಸ್ತು.

ಅದಕ್ಕೇ ಮೊನ್ನೆ ಶನಿವಾರ ನಾನೇ ಹೋದೆ. ಒಬ್ಬಳೇ. ಕುಶಲ್‌ಗೆ ದೇವಸ್ಥಾನಕ್ಕೆ ಹೋಗಿ ಅಲ್ಲೇ ಊಟ ಮಾಡಿ ಬರ್ತೀನಿ ಅಂದಿದ್ದೆ. ಅವನು ಆಗಸ್ಟಿನಿಂದ ಡ್ಯಾನ್‌ವಿಲ್ಲಿನ ಅಪಾರ್ಟ್‌ಮೆಂಟ್ ಬಿಟ್ಟು ಅಮ್ಮನ ಜೊತೆ ಇರ್ತೀನಿ ಅಂತ ಬಂದಿದಾನಲ್ಲ, ಶನಿವಾರ ಬೆಳಕು ಹರಿಯೋ ಮುಂಚೆನೇ ಎದ್ದು ಸೌತ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗ್ತಾನೆ. ಲ್ಯಾಬಿನಲ್ಲಿ ಬೆಳೆಸೋ ಸೆಲ್ಸಿಗೆ ಶನಿವಾರ ಭಾನುವಾರ ಅಂತಿಲ್ಲ, ಹೊತ್ತಿಗೆ ಸರಿಯಾಗಿ ಫೀಡ್ ಮಾಡಬೇಕು ಅಮ್ಮಾ ಅಂತಾನೆ. ನಮ್ಮ ಡೇಕೇರ್ ಹಾಗೇ ಅಂತ ನಾನು ನಗ್ತಿದ್ದೆ. ಅವನು ಹೋದ ಮೇಲೆ ಅವನ ಹಳೇ ಸ್ಕೀ ಜಾಕೆಟ್ಟು ಹಾಕ್ಕೊಂಡು, ಫ್ಲಾಸ್ಕಿನಲ್ಲಿ ಕಾಫಿ, ಎರಡು ಚಪಾತಿ ಸುತ್ತಿಕೊಂಡು ಹೊರಟೆ.

ಚಳಿ ಅಂದ್ರೆ ಏನು ಅಂತ ಈ ಊರಲ್ಲಿ ಇಷ್ಟು ವರ್ಷ ಇದ್ದೂ ನನಗೆ ಗೊತ್ತಿರಲಿಲ್ಲ. ಮನೆಯಿಂದ ಕಾರು, ಕಾರಿಂದ ಅಂಗಡಿ, ಅಷ್ಟೇ ನಮ್ಮ ಚಳಿ. ಪಾರ್ಕಿನ ಕಣಿವೆಯಲ್ಲಿ ಇಳಿದಾಗ ಹುಲ್ಲೆಲ್ಲಾ ಬೆಳ್ಳಗೆ. ಮಳೆ ಬಿದ್ದು ಚಿಗುರಿದ ಹಸಿರು ಹುಲ್ಲಿನ ಮೇಲೆ ರಾತ್ರಿ ಇಬ್ಬನಿ ಹಾಗೇ ಹೆಪ್ಪುಗಟ್ಟಿ ನಿಂತಿತ್ತು, ಕಾಲಿಟ್ಟರೆ ಹಪ್ಪಳದ ಹಾಗೆ ಮುರೀತಿತ್ತು. ದನ ಮೇಯೋ ಬೆಟ್ಟಗಳು ಅವು. ದನಗಳು ಕೆಸರಿನಲ್ಲಿ ನಡೆದ ಗೊರಸಿನ ಗುರುತೆಲ್ಲಾ ಕಲ್ಲಾಗಿ, ಕಾಲು ಎಲ್ಲಿ ಇಟ್ಟರೂ ಹೊರಳತ್ತೆ. ಗೇಟು ದಾಟೋವಾಗ ಸರಪಳಿ ಮುಟ್ಟಿದ್ದಕ್ಕೆ ಬೆರಳು ಅಂಟಿದ ಹಾಗಾಯ್ತು. ದನಕ್ಕೆ ಇಟ್ಟ ನೀರಿನ ತೊಟ್ಟಿ ಮೇಲೆ ಗಾಜು ಮುಚ್ಚಿದ ಹಾಗೆ ಹಿಮ, ಒಂದು ಹಸು ಮೂತಿಯಿಂದ ಕುಟ್ಟಿ ಕುಟ್ಟಿ ಸಾಕಾಗಿ ನಿಂತಿತ್ತು. ನಾನೊಂದು ಕಲ್ಲು ತಗೊಂಡು ಒಡೆದುಕೊಟ್ಟೆ. ಅಷ್ಟಕ್ಕೇ ನನಗೆ ಏನೋ ಧೈರ್ಯ ಬಂತು ನೋಡಿ. ಇವರೂ ಹೀಗೇ ನಿಂತು ಒಡೆದಿರಬಹುದು ಅನ್ನಿಸ್ತು.

ಅರ್ಧ ಏರಿದ ಮೇಲೆ ದಾರಿ ಬಡಗಣ ಕಡೆಗೆ ತಿರುಗತ್ತೆ. ಅಲ್ಲಿ ಬಿಸಿಲು ಬರೋದೇ ಇಲ್ಲ ಅನ್ಸತ್ತೆ, ಓಕ್ ಮರದ ಕೆಳಗೆಲ್ಲಾ ಹಿಂದಿನ ದಿನದ ಹಿಮವೂ ಹಾಗೇ ಇತ್ತು. ಸುಸ್ತಾಗಿ ಒಂದು ಬಂಡೆ ಮೇಲೆ ಕೂತೆ. ಕಾಫಿ ಕುಡಿಯೋಣ ಅಂತ ಫ್ಲಾಸ್ಕು ತೆಗೆದ್ರೆ ಮುಚ್ಚಳ ತಿರುಗಿಸೋಕೆ ಬೆರಳು ಬರಲಿಲ್ಲ. ಅತ್ತೆ, ನಾನು ಕೂತು ಕಾಲು ಗಂಟೆಯೂ ಆಗಿರಲಿಲ್ಲ. ಮೈಮೇಲೆ ಒಣಗಿದ ಬಟ್ಟೆ, ದಪ್ಪ ಜಾಕೆಟ್ಟು. ಇವರು ಹೋದ ದಿನದ ಹಿಂದಿನ ರಾತ್ರಿ ಪೂರ್ತಿ ಮಳೆಯಾಗಿತ್ತು. ಮುಚ್ಚಳವನ್ನ ಹಲ್ಲಲ್ಲಿ ಕಚ್ಚಿಕೊಂಡು ಕೂತವಳಿಗೆ ಅದು ನೆನಪಾಯ್ತು, ಕಾಲು ಉಳುಕಿದ ಒಬ್ಬ ಮನುಷ್ಯ ನೆಂದ ಬಟ್ಟೆಯಲ್ಲಿ ಇಲ್ಲಿ ಒಂದು ರಾತ್ರಿ ಕೂತ್ರೆ ಏನಾಗತ್ತೆ ಅಂತ. ಯಾವ ಡಾಕ್ಟರೂ ಹೇಳಬೇಕಾಗಿಲ್ಲ. ಅಲ್ಲೇ ಕೂತುಬಿಡೋಣ ಅನ್ನಿಸ್ತು. ನಿಮ್ಮ ಹತ್ರ ಸುಳ್ಳು ಯಾಕೆ, ಅನ್ನಿಸ್ತು. ಎದ್ದದ್ದು ಯಾಕೆ ಅಂದ್ರೆ ಹಿಂಭಾಗ ಮರಗಟ್ಟಿ ನೋಯ್ತಿತ್ತು, ಅಷ್ಟೇ. ದೊಡ್ಡ ಕಾರಣ ಏನೂ ಇರಲಿಲ್ಲ.

ಏಣಿನ ಮೇಲೆ ಹೋದಾಗ ಒಳ್ಳೇ ಬಿಸಿಲು. ಹಿಂದೆ ತಿರುಗಿದ್ರೆ ನಮ್ಮ ಫ್ರೀಮಾಂಟು, ಆಚೆ ಕೊಲ್ಲಿಯ ನೀರು, ಸೇತುವೆ, ಎಲ್ಲಾ ಬೊಂಬೆ ಕೂರಿಸಿದ ಹಾಗೆ. ಮುಂದೆ ನೋಡಿದೆ. ಅತ್ತೆ, ಒಂದು ಬೆಟ್ಟ ಅಲ್ಲ. ಒಂದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು, ಕಣ್ಣು ಹೋಗೋವರೆಗೂ ಬೆಟ್ಟಗಳೇ, ಎರಡೆರಡರ ನಡುವೆ ಕಪ್ಪು ಕೊರಕಲು, ಬೆಳ್ಳಗೆ ಮಂಜು ತುಂಬಿಕೊಂಡ ಕಣಿವೆ. ಒಂದು ರಸ್ತೆ ಇಲ್ಲ, ಒಂದು ಮನೆಯ ಸೂರಿಲ್ಲ. ಎಲ್ಲಕ್ಕೂ ಆಚೆ ಆಕಾಶದ ಅಂಚಿನಲ್ಲಿ ಸಿಯೆರಾ ಪರ್ವತದ ಹಿಮ ಸಣ್ಣಗೆ ಹೊಳೀತಿತ್ತು. ಆ ಹೆಲಿಕಾಪ್ಟರಿನವರು ಪಾಪ ಏನು ನೋಡಿಯಾರು? ಯಾವ ಕೊರಕಲಿಗೆ ಎಷ್ಟು ಜನ ಇಳಿದಾರು? ಅಲ್ಲಿ ಇಲ್ಲ ಅಂದ್ರೆ ಇನ್ನೆಲ್ಲೋ ಇದಾರೆ ಅನ್ನೋ ನನ್ನ ಲೆಕ್ಕ ಆ ಏಣಿನ ಮೇಲೆ ನಿಂತ ಜಾಗದಲ್ಲೇ ಮುಗಿದುಹೋಯ್ತು. ಅವರು ಎಲ್ಲೂ ಹೋಗಿಲ್ಲ. ಅಲ್ಲೇ ಇದಾರೆ.

ಏನು ಮಾಡಬೇಕು ಅಂತ ತೋಚಲಿಲ್ಲ. “ರೀ” ಅಂತ ಕೂಗಿದೆ. ಮದುವೆಯಾದಾಗಿಂದ ಕೂಗಿದ್ದೇ ಹಾಗೆ, ಬಚ್ಚಲಿನಿಂದ, ಅಡುಗೆಮನೆಯಿಂದ, ಏರ್‌ಪೋರ್ಟಿನಲ್ಲಿ. ಅಷ್ಟು ಬೆಟ್ಟಗಳ ಮುಂದೆ ಆ ರೀ ಎಷ್ಟು ಸಣ್ಣಗೆ ಕೇಳಿಸ್ತು ಅಂದ್ರೆ ನನಗೇ ನಾಚಿಕೆ ಆಯ್ತು. ಆಮೇಲೆ ಹೆಸರು ಹಿಡಿದು ಕೂಗಿದೆ. ಮಧುಕರ್, ಮಧುಕರ್ ಅಂತ ಗಂಟಲು ಹರಿಯೋ ಹಾಗೆ. ನೀವು ಇಟ್ಟ ಹೆಸರು, ನಾನು ಜೋರಾಗಿ ಹೇಳಿದ್ದು ಅದೇ ಮೊದಲು. ಕೆಳಗೆ ಕೊರಕಲಿನಲ್ಲಿ ಪೊದೆ ಅಲ್ಲಾಡ್ತು. ಯಾರೋ ಎದ್ದು ನಿಂತ್ರು. ಕಂದು ಬಣ್ಣದ ಟೋಪಿ, ಎಡಗಡೆ ಸ್ವಲ್ಪ ವಾಲಿಕೊಂಡು ಏರೋ ಅದೇ ನಡಿಗೆ, ಮೇಲಕ್ಕೆ, ನನ್ನ ಕಡೆಗೆ. ಅತ್ತೆ, ಆ ಕ್ಷಣ ನಾನು ಓಡಿದೀನಿ. ಆ ಇಳಿಜಾರಿನಲ್ಲಿ ಐವತ್ತೆಂಟು ವರ್ಷದವಳು, ಜಾರಿ ಬಿದ್ದು ಮತ್ತೆ ಎದ್ದು ಓಡಿದೀನಿ. ಹತ್ತಿರ ಬಂದ ಮೇಲೆ ನೋಡಿದ್ರೆ ಕುಶಲ್.

ಇದನ್ನ ನಿಮಗಲ್ಲದೆ ಯಾರಿಗೂ ಹೇಳೋಕಾಗಲ್ಲ. ಹೆತ್ತ ಮಗನ ಮುಖ ನೋಡಿ ನನಗೆ, ಅಯ್ಯೋ ಇವನಾ, ಅನ್ನಿಸ್ತು. ಅದು ನನ್ನ ಮುಖದಲ್ಲಿ ಕಾಣಿಸ್ತು ಅಂತಲೂ ಗೊತ್ತು. ಅವನು ಹತ್ತಿರ ಬಂದವನು ಎರಡು ಹೆಜ್ಜೆ ದೂರದಲ್ಲೇ ನಿಂತುಬಿಟ್ಟ. “ಸಾರಿ ಅಮ್ಮಾ” ಅಂದ. “ಸಾರಿ, ಇಟ್ಸ್ ಜಸ್ಟ್ ಮೀ.”

ಮೊಣಕಾಲಿನವರೆಗೆ ಕೆಸರು, ಹೆಗಲಲ್ಲಿ ಹಗ್ಗದ ಸುರುಳಿ, ಬೆನ್ನಿಗೆ ಚೀಲ. ಇಲ್ಲಿ ಏನು ಮಾಡ್ತಾ ಇದೀಯೋ, ಲ್ಯಾಬಿಗೆ ಹೋಗಿಲ್ವಾ ಅಂತ ಕೇಳಿದೆ. ನೀನು ದೇವಸ್ಥಾನಕ್ಕೆ ಹೋಗಿಲ್ವಾ ಅಂದ. ಇಬ್ಬರೂ ಆ ಹುಲ್ಲಿನ ಮೇಲೆ ಕೂತ್ವಿ, ಕಾಫಿ ಮುಚ್ಚಳ ಅವನು ತೆಗೆದುಕೊಟ್ಟ. ಆಗ ಒಂದೊಂದೇ ಹೊರಗೆ ಬಂತು. ಲ್ಯಾಬಿನ ಕೆಲಸ ಬಿಟ್ಟು ನಾಲ್ಕು ತಿಂಗಳಾಗಿದೆಯಂತೆ. ಶನಿವಾರ ಮಾತ್ರ ಅಲ್ಲ, ಆಫೀಸು ಅಂತ ಹೊರಟ ದಿನವೆಲ್ಲಾ ಇಲ್ಲಿಗೇ ಬಂದಿದಾನೆ. ಒಂದೊಂದೇ ಕೊರಕಲು ಇಳಿದು ಹುಡುಕ್ತಾನೆ. ಕೈಮೇಲೆ ಬೊಬ್ಬೆ ಬಂದಿತ್ತಲ್ಲ, ಏನೋ ಅಲರ್ಜಿ ಅಂದಿದ್ದಕ್ಕೆ ನಾನು ರಾತ್ರಿ ಕೂತು ಮುಲಾಮು ಹಚ್ಚಿದ್ದೆ. ಅದು ಅಲರ್ಜಿ ಅಲ್ಲ, ಇಲ್ಲಿನ ಹಳ್ಳಗಳಲ್ಲಿ ಬೆಳೆಯೋ ಪಾಯ್ಸನ್ ಓಕ್ ಅನ್ನೋ ಪೊದೆ, ಎಲೆ ಉದುರಿದ್ರೂ ಬರೀ ಕಡ್ಡಿ ತಾಗಿದ್ರೆ ಸಾಕು, ಮೈ ಸುಟ್ಟ ಹಾಗೆ ಏಳತ್ತೆ.

ಅಪ್ಪ ಇನ್ನೂ ಇದಾರೆ ಅಂತ ನಂಬಿಕೊಂಡಿದೀಯೇನೋ ಅಂತ ಕೇಳಿದೆ. ಅವನು ನನ್ನನ್ನ ನೋಡಿದ ರೀತಿ ಏನು ಹೇಳಲಿ. “ನೋ ಅಮ್ಮಾ. ಫಸ್ಟ್ ವೀಕೇ ಗೊತ್ತಿತ್ತು” ಅಂದ. “ಮತ್ತೆ ಯಾಕೋ?” ಅಂದೆ. ಅವನ ಕನ್ನಡ ನಿಮಗೆ ಗೊತ್ತಲ್ಲ, ಹುಡುಕಿ ಹುಡುಕಿ ಮಾತು ಜೋಡಿಸಿದ. “ನಿಂಗೆ ಗೊತ್ತಿಲ್ಲ ಅಲ್ವಾ. ನೀನು ಅಪ್ಪನ ಫೋನಿಗೆ ದಿನಾ ಕಾಲ್ ಮಾಡ್ತೀಯ, ನಾನು ಕೇಳಿಸ್ಕೋತೀನಿ. ಒಂದು ಶೂ ಸಿಕ್ಕಿದ್ರೂ ಸಾಕು. ತಂದು ನಿಂಗೆ ಕೊಟ್ರೆ ಯೂ ಕ್ಯಾನ್ ಸ್ಟಾಪ್.”

ನೋಡಿ ಅತ್ತೆ, ಹೇಗಾಗಿದೆ. ಇವನು ಸುಮ್ಮನೆ ಕೆಲಸಕ್ಕೆ ಹೋಗಿ ಬರ್ತಾ ಇದಾನೆ, ಇವನ ಮುಂದೆ ನಾನು ಅಳಬಾರದು ಅಂತ ನಾನು. ನಾನು ಆಸೆ ಇಟ್ಕೊಂಡಿರೋದಕ್ಕೆ ಅವನು ಹಗ್ಗ ಕಟ್ಟಿಕೊಂಡು ಹಳ್ಳಕ್ಕೆ ಇಳೀತಾ ಇದಾನೆ. ನಾನು ಅವನ ಕೈ ಹಿಡ್ಕೊಂಡು ಹೇಳಿದೆ, ನಂಬಿದೆ ಕಣೋ, ಈಗಷ್ಟೇ ಮೇಲೆ ನಿಂತು ನಂಬಿದೆ, ಶೂ ಬೇಡ, ಏನೂ ಬೇಡ, ನಡಿ ಮನೆಗೆ ಹೋಗೋಣ ಅಂತ. ಅವನು ತಲೆ ಅಲ್ಲಾಡಿಸಿದ. “ಯೂ ಆರ್ ಜಸ್ಟ್ ಸೇಯಿಂಗ್ ಇಟ್. ನಾನು ಕೆಳಗೆ ಬರಲಿ ಅಂತ ಹೇಳ್ತಿದೀಯ. ಈಗ ತಾನೇ ಅಪ್ಪನ ಹೆಸರು ಕೂಗ್ತಿದ್ದೆ. ನನ್ನ ನೋಡಿ ಓಡಿ ಬಂದೆ.” ಬೈದೆ, ಬೇಡಿಕೊಂಡೆ, ಕಾಲು ಹಿಡೀತೀನಿ ಅಂದೆ. ಅವನು ಕಪ್ಪನ್ನ ಹುಲ್ಲಿನಲ್ಲಿ ಒರೆಸಿ ಚೀಲಕ್ಕೆ ಹಾಕಿದ, ಜಾಕೆಟ್ಟಿನ ಜಿಪ್ಪು ನನ್ನ ಕತ್ತಿನವರೆಗೆ ಎಳೆದ, ದಾರಿ ಜಾರತ್ತೆ, ಅಂಚಿನ ಹುಲ್ಲಿನ ಮೇಲೆ ಕಾಲಿಟ್ಟು ಇಳಿ ಅಂದ. ಅಷ್ಟು ಹೇಳಿ ಬಂದ ಕೊರಕಲಿಗೇ ಇಳಿದುಹೋದ. ಟೋಪಿ ಸ್ವಲ್ಪ ಹೊತ್ತು ಕಾಣ್ತು. ಆಮೇಲೆ ಪೊದೆಗಳು ಅಷ್ಟೇ.

ಒಬ್ಬಳೇ ಇಳಿದೆ. ಸೂರ್ಯ ನೆತ್ತಿ ಮೇಲೆ ಬಂದಿದ್ರೂ ಆ ಬಡಗಣ ಮಗ್ಗುಲಿನ ಹಿಮ ಕರಗಿರಲಿಲ್ಲ. ಇಳಿಯುವಾಗ ಎರಡು ಸಲ ಬಿದ್ದೆ, ಅಂಗೈ ತರಚಿದೆ, ಅಷ್ಟೇ, ಗಾಬರಿ ಆಗಬೇಡಿ. ಪಾರ್ಕಿಂಗ್ ಲಾಟಿನ ಆ ತುದಿಯಲ್ಲಿ ಅವನ ಕಾರು ಇತ್ತು, ಬೆಳಿಗ್ಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಕಾರಿನೊಳಗೆ ಕೂತು ಕಾದೆ. ಒಂದು ಜೊತೆ ಗಂಡ ಹೆಂಡತಿ ನಾಯಿ ಕರಕೊಂಡು ಬಂದು ಹೋದ್ರು, ಸ್ಕೂಲು ಮಕ್ಕಳು ಬಂದು ಹೋದ್ರು, ಬೆಟ್ಟದ ನೆರಳು ಕಾರಿನ ಮೇಲೆ ಬಿತ್ತು. ಹದಿಮೂರು ತಿಂಗಳ ಹಿಂದೆ ಅದೇ ಲಾಟಿನಲ್ಲಿ ಅವರ ಕಾರಿನ ಪಕ್ಕ ನಿಂತು ಕಾದಿದ್ದೆ. ಬೆಳಕು ಪೂರ್ತಿ ಹೋಗೋ ಹೊತ್ತಿಗೆ ಕುಶಲ್ ಬಂದ. ಬರಿಗೈಯಲ್ಲಿ ಬಂದ. ಇಬ್ಬರೂ ಬೇರೆ ಬೇರೆ ಕಾರಿನಲ್ಲಿ, ಒಬ್ಬರ ಹಿಂದೆ ಒಬ್ಬರು ಫ್ರೀವೇ ಹಿಡಿದು ಮನೆಗೆ ಬಂದ್ವಿ. ಸಾರನ್ನ ಕಲಸಿ ತಟ್ಟೆ ಕೈಗೆ ಕೊಟ್ಟೆ, ತಿಂದ. ಇವರ ಫೋನಿನ ಲೈನನ್ನ ನಿನ್ನೆ ಅವನ ಎದುರಿಗೇ ಕೂತು ಕಟ್ ಮಾಡಿಸಿದೆ. ಅದಕ್ಕೂ ಅವನು ನಂಬಲಿಲ್ಲ. ನನ್ನ ಮುಖ ನೋಡಿ ಎದ್ದು ಹೋದ. ನನಗೆ ಇನ್ನೇನು ಮಾಡಬೇಕೋ ಗೊತ್ತಾಗ್ತಾ ಇಲ್ಲ.

ತನ್ವಿ ಹೊರಳ್ತಾ ಇದೆ, ಇನ್ನೇನು ಏಳತ್ತೆ. ಒಂದು ಎದ್ರೆ ಎಲ್ಲಾ ಏಳ್ತಾವೆ. ಭಾವನಿಗೆ ನನ್ನ ನಮಸ್ಕಾರ ತಿಳಿಸಿ. ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ. ನಾಳೆ ಹಬ್ಬಕ್ಕೆ ನೀವಾದ್ರೂ ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊಳ್ಳಿ, ನಮ್ಮನ್ನ ನೆನೆಸಿಕೊಂಡು ಹಾಗೇ ಇರಬೇಡಿ. ನಿಮ್ಮ ಆಶೀರ್ವಾದ ಕುಶಲ್ ಮೇಲಿರಲಿ, ನನ್ನ ಪಾಲಿನದನ್ನೂ ಅವನಿಗೇ ಕೊಡಿ.

ನಿಮ್ಮ ಸೊಸೆ,
ಪ್ರಭಾ

ತಾ.ಕ.: ಮೇಲೆ ಬರೆಯೋಕೆ ಕೈ ಬರಲಿಲ್ಲ, ಇಲ್ಲಿ ಬರೀತೀನಿ. ಹೂಂ ಅತ್ತೆ. ಅವರು ಇಲ್ಲ. ಸಂಸ್ಕಾರ ಮಾಡಿಸಿ. ಶುಕ್ರವಾರದ ತನಕ ಇದು ಕಾಯೋದು ಬೇಡ, ಮಕ್ಕಳನ್ನ ಕಳಿಸಿದ ತಕ್ಷಣ ಫೋಟೋ ತೆಗೆದು ಭಾವನ ಫೋನಿಗೆ ಹಾಕ್ತೀನಿ. ಓದಿದ ಕೂಡಲೇ ಕುಶಲ್‌ಗೆ ನೀವೇ ಫೋನ್ ಮಾಡಿ. ನಿನ್ನ ಅಪ್ಪ ಹೋಗಿದಾನೆ, ಅವನನ್ನ ಕಳಿಸಿಕೊಡೋಕೆ ನೀನು ಬರಬೇಕು ಅಂತ, ನಿಮ್ಮ ಸ್ಕೂಲಿನ ದನಿಯಲ್ಲಿ, ಕನ್ನಡದಲ್ಲೇ ಹೇಳಿ. ನನ್ನ ಮಾತನ್ನ ನಂಬದೆ ಇರಬಹುದು, ಅಜ್ಜಿ ಸುಳ್ಳು ಹೇಳಲ್ಲ ಅಂತ ಚಿಕ್ಕಂದಿನಿಂದ ಅವನಿಗೆ ಗೊತ್ತು. ಎತ್ತದೆ ಇದ್ರೆ ಮತ್ತೆ ಮಾಡಿ, ಬಿಡಬೇಡಿ. ಹೆತ್ತವರ ಬಾಯಿಂದ ಈ ಮಾತು ಆಡಿಸೋದು ಎಂಥದ್ದು ಅಂತ ನನಗೆ ಗೊತ್ತಿದೆ, ಬೇರೆ ದಾರಿ ಇದ್ದಿದ್ರೆ ಕೇಳ್ತಿರಲಿಲ್ಲ. ಇವತ್ತೂ ಬೆಳಿಗ್ಗೆ ಬೂಟು ಹಾಕ್ಕೊಂಡು ಹೋಗಿದಾನೆ. ನಿಮ್ಮ ಮಗನನ್ನ ನಿಮಗೆ ತಂದುಕೊಡೋಕೆ ನನ್ನ ಕೈಲಿ ಆಗಲಿಲ್ಲ. ನನ್ನ ಮಗನನ್ನ ಆ ಬೆಟ್ಟದಿಂದ ಇಳಿಸಿಕೊಡಿ.